ಗಿರೀಶನ ತೂಕ ಇಳಿಯುತ್ತಿದೆ, ಮಾವ

ಮಾವ,

ಇವತ್ತು ಮೈಸೂರಿನಲ್ಲಿ ರೇಸು. ಪಾಂಡವಪುರದ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತಿದ್ದೇನೆ. ನಾನು ಇಲ್ಲಿ ಹತ್ತಿ, ನೀನು ಶ್ರೀರಂಗಪಟ್ಟಣದಲ್ಲಿ ಹತ್ತುತ್ತಿದ್ದೆಯಲ್ಲ, ಅದೇ ರೈಲು. ತಡವಂತೆ. ರೇಸ್ ಕೋರ್ಸಿನ ಗೇಟು ತೆಗೆಯೋದೇ ಮಧ್ಯಾಹ್ನ, ಅವಸರವೇನಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಕೈ ಮಾತ್ರ ಸುಮ್ಮನಿರಲೊಲ್ಲದು, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಗ ಗಿರೀಶ ಮೈಸೂರಿನ ಆಸ್ಪತ್ರೆಯಿಂದ ತಪ್ಪಿಸಿಕೊಂಡಿದ್ದಾನೆ. ಬೆಳಿಗ್ಗೆ ಅತ್ತೆ ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಹಾಸಿಗೆ ಖಾಲಿ. ಅವಳು ಅಂಗಡಿಯಿಂದ ನಾನು ಕೆಲಸ ಮಾಡುವ ಕಾರ್ಖಾನೆಗೆ ಫೋನು ಮಾಡಿ ಅತ್ತಳು. ಎಲ್ಲಿಗೆ ಹೋಗಿರ್ತಾನೆ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರನೇ ಓಟದಲ್ಲಿ ಅವನ ಹೆಸರಿದೆ. ಹೌದು ಮಾವ, ನೀನು ಹೋದ ಮೇಲೆ ನಿನ್ನ ಮಗ ರೇಸಿನ ಕುದುರೆ ಓಡಿಸುವ ಜಾಕಿ ಆದ. ನಿನಗೆ ಹೇಳಲು ಇದೊಂದಾದರೂ ಒಳ್ಳೇ ಸುದ್ದಿ ಅಂದುಕೊಂಡಿದ್ದೆ, ಅದೂ ಈಗ...

ನನ್ನ ಕೈಗೆ ನೀನು ಮೊದಲ ಸಲ ರೇಸ್ ಪುಸ್ತಕ ಕೊಟ್ಟದ್ದು ಈ ರೈಲಿನಲ್ಲೇ. ನಾನಾಗ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಕ ಹಾಕುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ನೀನು ಬಾಬುರಾಯನಕೊಪ್ಪಲಿನಿಂದ ಜಟಕಾ ಕಟ್ಟಿಕೊಂಡು ಬಂದು, ಗುಂಬಜ್ ನೋಡಲು ಬಂದವರನ್ನು ಕೂರಿಸಿಕೊಂಡು ಓಡಾಡುತ್ತಿದ್ದವನು. ರೇಸಿನ ದಿನ ಕುದುರೆಗೆ ರಜ, ನಿನಗೆ ಹಬ್ಬ. "ತೂಕ ಆಕೋನ್ಗೆ ಇದು ಬಿರ್ನೆ ತಲ್ಗೆ ಅತ್ತುತ್ತೆ ಕಣ್ಲಾ," ಅಂತ ಹೇಳಿ, ಕುದುರೆಗಳ ಹೆಸರಿನ ಮುಂದೆ ಬೆರಳಿಟ್ಟು ಶುರು ಮಾಡಿದೆ. ಗೆದ್ದ ಕುದುರೆಗೆ ಮುಂದಿನ ಸಲ ಹೆಚ್ಚು ಭಾರ ಹೊರಿಸುತ್ತಾರೆ, ಸೋತದ್ದಕ್ಕೆ ಕಡಿಮೆ. ಯಾವುದಕ್ಕೆ ಭಾರ ಇಳಿದಿದೆ, ಯಾವುದು ದೂರದ ಓಟಕ್ಕೆ ತಡೆದೀತು, ಒದ್ದೆ ನೆಲ ಕಂಡರೆ ಯಾವುದು ಹಿಂಜರಿಯುತ್ತದೆ. ಇದಕ್ಕೆಲ್ಲ ನೀನು ಜಾತಕ ನೋಡೋದು ಅನ್ನುತ್ತಿದ್ದೆ. ನಾವು ಆಡುತ್ತಿದ್ದದ್ದು ಕಡಿಮೆ, ನೋಡುತ್ತಿದ್ದದ್ದೇ ಹೆಚ್ಚು. ಅತ್ತೆ ನಂಬುತ್ತಿರಲಿಲ್ಲ ಬಿಡು.

ಪಶ್ಚಿಮವಾಹಿನಿಯ ಮೆಟ್ಟಿಲು ನೆನಪಿದೆಯಾ? ರೇಸು ಮುಗಿಸಿ ವಾಪಸ್ ಬರುವಾಗ ಅಲ್ಲಿ ಇಳಿಯದೆ ನೀನು ಮನೆಗೆ ಹೋಗುತ್ತಲೇ ಇರಲಿಲ್ಲ. ಯಾರದೋ ಬೂದಿ ಬಿಡಲು ಬಂದವರು ಒದ್ದೆ ಪಂಚೆಯಲ್ಲಿ ನಡುಗುತ್ತಾ ನಿಂತಿರುತ್ತಿದ್ದರು. ಅವರಿಂದ ನಾಲ್ಕು ಮೆಟ್ಟಿಲು ಈಚೆಗೆ ನಾವಿಬ್ಬರು ಕಡಲೆಕಾಯಿ ಸುಲಿಯುತ್ತಾ ಅವತ್ತು ಸೋತ ಕುದುರೆಯ ಪಂಚನಾಮೆ ಮಾಡುತ್ತಿದ್ದೆವು. ಬೇರೆ ಜಾಗವೇ ಸಿಗಲಿಲ್ಲವಾ ಅಂತ ನಾನು ಕೇಳಿದರೆ, "ಇಲ್ ಕೂತ್ಕಂಡ್ ಯಾರೂ ಸುಳ್ ಯೋಳಕಿಲ್ಲ ಕಣ್ಲಾ," ಅನ್ನುತ್ತಿದ್ದೆ. ಎಲ್ಲಿ ತಪ್ಪಿತು ಅನ್ನುವುದು ಸಿಗುವವರೆಗೆ ಏಳುವ ಹಾಗಿರಲಿಲ್ಲ. "ಸೋಲದು ಓಟದಾಗಲ್ಲ. ಓಟಕ್ ಮುಂಚೇನೇ ಸೋತಿರ್ತದೆ. ನಾವ್ ನೋಡಿರಕಿಲ್ಲ, ಅಷ್ಟೇಯ." ನೀರಿನ ಮೇಲೆ ಹೂವು ತೇಲಿಕೊಂಡು ಹೋಗುತ್ತಿತ್ತು. ನನಗೆ ಆಗಲೇ ಒಂಥರಾ ಅನ್ನಿಸುತ್ತಿತ್ತು, ಹೇಳಿದರೆ ನೀನು ಗೇಲಿ ಮಾಡುತ್ತಿದ್ದೆ.

ಆ ಕೆಂಚು ಹೆಣ್ಣು ಕುದುರೆಯನ್ನು ಮರೆಯಲಿಕ್ಕಾಗುತ್ತದಾ? ಜಾತಕದಲ್ಲಿ ಅದಕ್ಕೆ ಎದುರೇ ಇರಲಿಲ್ಲ. ಭಾರ ಇಳಿದಿತ್ತು, ದೂರ ಒಪ್ಪುತ್ತಿತ್ತು, ನೆಲವೂ ಒಣಗಿತ್ತು. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತಾಡಿಸಿ ತೋರಿಸುವ ಪ್ಯಾಡಾಕಿನಲ್ಲಿ ಅದರ ಪಕ್ಕೆ ಒಳಕ್ಕೆ ಹೋಗಿದ್ದು ನನಗೆ ಕಂಡಿತು. ಕೂದಲಿನಲ್ಲಿ ಮಿಂಚಿರಲಿಲ್ಲ. "ಸಣ್ಣಗಾಗವಳೆ, ಅಗುರಾಗ್ ಓಡ್ತಾಳೆ ಬುಡು," ಅಂದುಬಿಟ್ಟೆ ನೀನು. ಕೊನೆಯ ತಿರುವಿನ ತನಕ ಅದೇ ಮುಂದಿತ್ತು. ಆಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ನಿಧಾನವಾಯಿತು, ಒಂದೊಂದಾಗಿ ಎಲ್ಲವೂ ದಾಟಿಕೊಂಡು ಹೋದವು. ನಮ್ಮ ಮುಂದೆ ಬರುವಾಗ ಮೂಗಿನ ಎರಡೂ ಹೊಳ್ಳೆಯಲ್ಲಿ ರಕ್ತ, ಜಾಕಿಯ ಬಿಳಿ ಷರಾಯಿಗೂ ಸಿಡಿದಿತ್ತು. ಅವತ್ತು ಮೆಟ್ಟಿಲ ಮೇಲೆ ನೀನು ಕಡಲೆಕಾಯಿ ಮುಟ್ಟಲಿಲ್ಲ. ನೀರು ನೋಡುತ್ತಾ ಹೇಳಿದೆ: "ಬೆನ್ ಮ್ಯಾಲಿನ್ ಭಾರ ಬ್ಯಾರೆ, ಮೈ ಬ್ಯಾರೆ ಕಣ್ಲಾ. ಭಾರ ಇಳುದ್ರೆ ಕುದ್ರೆ ಅಗುರಾಯ್ತದೆ. ಮೈ ಇಳುದ್ರೆ ಖಾಲಿಯಾಯ್ತದೆ." ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ.

ಅಷ್ಟು ತಿಳಿದವನು, ನಿನ್ನದೇ ಸರದಿ ಬಂದಾಗ ಏನಾಗಿತ್ತು ಮಾವ ನಿನ್ನ ಬುದ್ಧಿಗೆ? ಸಂಜೆಯಾದರೆ ಮೈ ಬಿಸಿ, ಬಾಯಿಗೆ ಟವೆಲ್ಲು ಒತ್ತಿಕೊಂಡು ಕೆಮ್ಮು. ಷರ್ಟಿನೊಳಗೆ ಇನ್ನೊಬ್ಬ ಹಿಡಿಯುವ ಹಾಗಾಗಿದ್ದೆ. ಡಾಕ್ಟರ ಹತ್ತಿರ ನಡಿ ಅಂತ ನಾನು ಜಟಕಾಕ್ಕೆ ಅಡ್ಡ ನಿಂತೆ, ಸ್ಟೇಷನ್ ಮುಂದೆ, ಎಲ್ಲ ಗಾಡಿಯವರೂ ನೋಡುತ್ತಿದ್ದಾಗ. ನೀನು ನಕ್ಕೆ. "ಸಣ್ಣಗಾದ್ರೆ ಒಳ್ಳೇದಲ್ವೇನ್ಲಾ? ನನ್ ಕುದ್ರೆಗೆ ಅಷ್ಟ್ ಭಾರ ಇಳೀತು." ಗಾಡಿಯವರೂ ನಕ್ಕರು. ಅವರು ತಮಾಷೆ ಅಂದುಕೊಂಡರು, ನನಗೆ ಗೊತ್ತಿತ್ತು ನೀನು ನಿಜವಾಗಿ ಹಾಗೇ ಲೆಕ್ಕ ಹಾಕುತ್ತಿದ್ದೀಯ ಅಂತ. ನಿನ್ನ ಮೈಯನ್ನು ನೀನು ಕುದುರೆ ಎಳೆಯುವ ಭಾರಕ್ಕೆ ಸೇರಿಸಿಬಿಟ್ಟಿದ್ದೆ. ನೀನೂ ಓಡುತ್ತಿದ್ದವನೇ ಅನ್ನುವುದು ನಿನ್ನ ತಲೆಗೆ ಹೋಗಲೇ ಇಲ್ಲ. ಆ ದೀಪಾವಳಿಗೆ ನೀನಿರಲಿಲ್ಲ. ನನಗೆ ಇವತ್ತಿಗೂ ನಿನ್ನ ಮೇಲೆ ಸಿಟ್ಟಿದೆ, ಮುಚ್ಚುಮರೆ ಏನು?

ಈ ವರ್ಷದ ಯುಗಾದಿಗೆ ನಿಮ್ಮ ಕೊಪ್ಪಲಿಗೆ ಹೋದಾಗ ಗಿರೀಶ ಬಾವಿಕಟ್ಟೆಯ ಹತ್ತಿರ ಅಂಗಿ ಬಿಚ್ಚಿ ನಿಂತಿದ್ದ. ಲಾಯದಲ್ಲಿ ಕುದುರೆ ಉಜ್ಜುತ್ತಿದ್ದವನು ಬೆಳಗಿನ ಹೊತ್ತು ಓಡಿಸುವವನಾಗಿ, ಈಗ ರೇಸಿಗೇ ಹತ್ತುತ್ತಿದ್ದಾನೆ ಅಂತ ಊರೆಲ್ಲ ಹೊಗಳುತ್ತಿತ್ತು. ಒಬ್ಬಟ್ಟು ಮುಟ್ಟಲಿಲ್ಲ. "ಜಾಕಿ ಅಂದ್ರೆ ಅಂಗೇ ಕಣ್ ಭಾವ, ತಿನ್ನಂಗಿಲ್ಲ," ಅಂತ ನಕ್ಕ. ಅತ್ತೆ ನನ್ನನ್ನು ಹಿತ್ತಲಿಗೆ ಕರೆದಳು. "ನಿಮ್ಮಾವನ್ ತಾವ ಕಲ್ತಿದೀಯಲ್ಲಪ್ಪ. ಒಂದ್ ಕಿತ ನನ್ ಮಗನ್ನೂ ನೋಡಿ ಯೋಳು." ನಾನು ನೋಡಿದೆ. ಉಪವಾಸದಿಂದ ಸಣ್ಣಗಾದವನ ಕಣ್ಣಲ್ಲಿ ಹಸಿವಿರುತ್ತದೆ, ಇವನಿಗೆ ಹಸಿವೇ ಇರಲಿಲ್ಲ. ಕತ್ತಿನ ಬುಡದಲ್ಲಿ ಗುಳಿ, ನಾಲ್ಕು ಕೊಡ ಸೇದುವಷ್ಟರಲ್ಲಿ ಬೆವರು. ಮಾತಿನ ನಡುವೆ ಮುಖ ಆಚೆ ತಿರುಗಿಸಿ ಒಂದು ಸಣ್ಣ ಕೆಮ್ಮು. ಅದು ನಿನ್ನದೇ ಕೆಮ್ಮು, ಮಾವ. ಅತ್ತೆಗೆ ಏನು ಹೇಳಲಿ? ಅವಳ ಮುಖ ನೋಡಿದರೆ ಅವಳಿಗೂ ಗೊತ್ತಿತ್ತು.

ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮಳೆಗಾಲವೇ ಬರಬೇಕಾಯಿತು. ಇವತ್ತು ಓಟ, ನಾಳೆ ಓಟ ಅಂತ ಜಾರಿಕೊಳ್ಳುತ್ತಿದ್ದ. ಕೊನೆಗೆ ಕರವಸ್ತ್ರದಲ್ಲಿ ಕೆಂಪು ಕಂಡ ಮೇಲೆ ಅವನೇ ಹೆದರಿ ಬಂದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮನೆಯಲ್ಲಿ ಯಾರಿಗಾದರೂ ಇಂಥ ಕೆಮ್ಮು ಇತ್ತಾ ಅಂತ ಕೇಳಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಟೀಬಿ, ಮಾವ. ನಿನ್ನದೂ ಅದೇ ಇದ್ದಿರಬೇಕು ಅಂದರು. ತಪ್ಪದೆ ಮಾತ್ರೆ ನುಂಗಿ, ಹೊಟ್ಟೆ ತುಂಬ ತಿಂದರೆ ವಾಸಿಯಾಗುತ್ತದಂತೆ. ಅಷ್ಟೇ ಮಾವ. ಮಾತ್ರೆ, ಊಟ. ನಿನಗೂ ಇಷ್ಟೇ ಸಾಕಾಗಿತ್ತು. ಅವನನ್ನು ಅಲ್ಲೇ ಸೇರಿಸಿಕೊಂಡರು.

ಮೊನ್ನೆ ಆಸ್ಪತ್ರೆಗೆ ಹೋದಾಗ ಅವನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. "ತಿನ್ಲಾ," ಅಂತ ನಾನು ಗದರಿದೆ. "ಭಾವ, ಈ ಸಲ ಗೆಲ್ಲೋ ಕುದ್ರೆ ಕೊಟ್ಟವ್ರೆ. ಈಗಿರೋ ತೂಕ ನೋಡೇ ಕರ್ದಿರದು. ತಿಂದ್ರೆ ಹೋಯ್ತು. ಇದೊಂದ್ ಓಟ ಓಡ್ಕಂಡ್ ಬಂದು ಎಷ್ಟ್ ತಿಂಗ್ಳಾದ್ರೂ ಬಿದ್ಕತೀನಿ," ಅಂದ. ಮಾತ್ರೆ ನುಂಗುತ್ತಿದ್ದೀಯಾ ಅಂದರೆ ಕಿಟಕಿ ಕಡೆ ನೋಡಿದ. ಕಾಯಿಲೆಯ ವಿಷಯ ಲಾಯದಲ್ಲಿ ಯಾರಿಗೂ ಹೇಳಿಲ್ಲ, ಊರಲ್ಲಿ ಹಬ್ಬ ಅಂತ ಹೇಳಿ ಬಂದಿದ್ದಾನೆ. ನೀನು ಜಟಕಾ ಮೇಲೆ ಕೂತು ಮಾಡಿದ ಲೆಕ್ಕವನ್ನೇ ಅವನು ಜೀನಿನ ಮೇಲೆ ಕೂತು ಮಾಡುತ್ತಿದ್ದಾನೆ. ಇದನ್ನು ನೀನು ಅವನಿಗೆ ಹೇಳಿಕೊಟ್ಟದ್ದಲ್ಲ, ಗೊತ್ತು. ಆದರೂ ಅದು ಅವನಿಗೆ ಎಲ್ಲಿಂದ ಬಂತು?

ಬೆಂಚಿನ ಮೇಲೆ ರೇಸ್ ಪುಸ್ತಕ ಇದೆ. ಅಭ್ಯಾಸಬಲ, ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಕೊಂಡೆ. ಮೂರನೇ ಓಟದ ಜಾತಕ ನೋಡಿದೆ. ಕುದುರೆ ಚೆನ್ನಾಗಿದೆ, ಭಾರ ಇಳಿದಿದೆ, ಹೊಸ ಜಾಕಿ ಅಂತ ಇನ್ನೂ ಒಂದಿಷ್ಟು ರಿಯಾಯಿತಿ. ಎದುರಾಳಿಯೇ ಇಲ್ಲ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟೆ. ಆ ಕೊನೆಯ ತಿರುವಿನಲ್ಲಿ ಅವನಿಗೆ ಉಸಿರು ಕಟ್ಟಿದರೆ? ಹಿಂದೆ ಅಷ್ಟು ಕುದುರೆಗಳು ಬರುತ್ತಿರುತ್ತವೆ...

ಫೋನಿನಲ್ಲಿ ಅತ್ತೆ ಒಂದು ಮಾತು ಬೇಡಿಕೊಂಡಳು. "ಟ್ರೈನರ್‌ಗೆ ಮಾತ್ರ ಯೋಳ್ಬ್ಯಾಡ ಕಣಪ್ಪ. ಗೊತ್ತಾದ್ರೆ ಇನ್ ಯಾವತ್ತೂ ಕುದ್ರೆ ಅತ್ತಿಸ್ಕಳಕಿಲ್ಲ. ಅವನ್ ಅನ್ನ ಓಯ್ತದೆ. ಅಂಗೇ ಕೈ ಇಡ್ಕಂಡ್ ಕರ್ಕಬಾ." ಹೂಂ ಅಂದೆ. ಆದರೆ ಅವನು ಕೈ ಹಿಡಿದರೆ ಬರುವವನಾ ಮಾವ? ನಿನ್ನ ಮಗ. ನೀನು ಬಂದೆಯಾ?

ಸಿಗ್ನಲ್ ಬಿತ್ತು. ಅತ್ತೆಗೆ ಹೂಂ ಅಂದದ್ದನ್ನು ನಾನು ಮುರಿಯುತ್ತೇನೆ, ನಿನಗೆ ಮೊದಲೇ ಹೇಳಿಬಿಡುತ್ತೇನೆ. ಗೇಟು ತೆಗೆದ ಕೂಡಲೇ ನೇರ ಟ್ರೈನರ್ ಹತ್ತಿರ ಹೋಗುತ್ತೇನೆ. ಅವನು ಸಿಗದಿದ್ದರೆ ಜಾಕಿಗಳನ್ನು ತೂಗುವ ಕೋಣೆಯ ಬಾಗಿಲಲ್ಲಿ ನಿಂತು, ಈ ಹುಡುಗನಿಗೆ ಟೀಬಿ ಇದೆ ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತೇನೆ. ಅವನ ಕೆಲಸ ಹೋಗುತ್ತದೆ, ಹೋಗಲಿ. ಎಲ್ಲರ ಮುಂದೆ ನನ್ನ ಕೊರಳಪಟ್ಟಿ ಹಿಡಿಯುತ್ತಾನೆ, ಹಿಡಿಯಲಿ. ನನ್ನ ಬಾಳು ಹಾಳು ಮಾಡಿದವನು ಈ ಭಾವ ಅಂತ ತಲೆ ಪೂರಾ ನರೆತು, ಹಲ್ಲು ಉದುರಿ, ಮೊಮ್ಮಕ್ಕಳ ಮುಂದೆ ಕೂತು ಬೈಯಲಿ ಮಾವ.

ನಿನ್ನ,
ಸಿದ್ದರಾಜು