ಮಹಡಿಯ ಕೋಣೆಗಳೆಲ್ಲ ಭರ್ತಿ

ಅಮ್ಮಾ,

ನೀನಿರುವಲ್ಲಿಗೆ ಅಂಚೆ ಹೋಗುವುದಿಲ್ಲ, ಗೊತ್ತು. ಆದರೆ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತದೆ. ಇವತ್ತು ನಮ್ಮ ಮಹಡಿಯ ಬಾಡಿಗೆ ಕೋಣೆಗಳೆಲ್ಲ ಭರ್ತಿ! ಹಡಗು ಒಡೆದು ಕಡಲಿಗೆ ಎಣ್ಣೆ ಚೆಲ್ಲಿದ ಮೇಲೆ ಇದೇ ಮೊದಲು. ದೋಣಿಗಳೂ ಮೀನು ತುಂಬಿಕೊಂಡು ಬಂದವು. ಹರಾಜು ಕೂಗುವವನ ಗಂಟಲೇ ಕಟ್ಟಿಹೋಯಿತು.

ಅಷ್ಟರಲ್ಲಿ ಆ ಮನೆ ದಲ್ಲಾಳಿ ಬಂದ. ಎಣ್ಣೆ ನಾತ ಹೊಡೆಯುತ್ತಿದ್ದಾಗ ಮೂಗು ಮುಚ್ಚಿಕೊಂಡು, "ಈ ಮನೇನ ಪುಕ್ಕಟೆ ಕೊಟ್ರೂ ಯಾರೂ ತಗೊಳ್ಳಲ್ಲಮ್ಮ, ಬಂದಷ್ಟಕ್ಕೆ ಮಾರಿಬಿಡಿ" ಅಂದಿದ್ದನಲ್ಲ, ನೀನು "ನನ್ನ ಮನೆಗೆ ಗಂಡು ಹುಡುಕಿಕೊಡು ಅಂತ ನಿನ್ನ ಕರೆದಿದ್ನೇನೋ?" ಎಂದು ಅಟ್ಟಿದ್ದೆಯಲ್ಲ, ಅವನೇ. ಇವತ್ತು ಬೆಣ್ಣೆಯಂಥ ಮಾತು: "ಅಕ್ಕಾ, ನೀವು ಹೇಳಿದ್ದೇ ರೇಟು."

"ಮಾರೋದಿರಲಿ, ಇವತ್ತು ನಿಮಗೆ ಮಲಗೋಕೂ ಇಲ್ಲಿ ಜಾಗ ಇಲ್ಲ" ಅಂದೆ. ಒಳಗೆ ತಮ್ಮ ಬಿದ್ದು ಬಿದ್ದು ನಕ್ಕ.

ಸಂಜೆ ಇನ್ನೊಂದು ಸಂಸಾರ ಬಂತು. ವಾಪಸ್ ಕಳಿಸಲು ಮನಸ್ಸಾಗದೆ ನಿನ್ನ ಕೋಣೆಯನ್ನೇ ತೆರೆದುಕೊಟ್ಟೆ. ಎಣ್ಣೆಯ ನಾತಕ್ಕೆ ಹೆದರಿ ನೀನು ಕೊನೆಯುಸಿರಿನವರೆಗೂ ಮುಚ್ಚಿಯೇ ಇಟ್ಟಿದ್ದ ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ತಮ್ಮನೂ ನಾನೂ ಸೇರಿ ತಳ್ಳಿ ತೆಗೆದೆವು. ಅವರ ಪುಟ್ಟ ಮಗಳು ನಿನ್ನ ಮಂಚದ ಮೇಲೆ ನಿಂತು ಕೂಗಿದಳು:

"ಅಮ್ಮಾ, ಬೇಗ ಬಾ! ಇಲ್ಲಿಂದ ಸಮುದ್ರ ಪೂರ್ತಿ ಕಾಣುತ್ತೆ!"