ಬಿಡಿಸುಮಾತು ಆಡದವನು

ತೇಲುಕಾರವಾರ, ಜಲಮಾಸದ ಮೂವತ್ತನಾಲ್ಕು, ೨೩೭೪

ಮನಶ್ಶಾಸ್ತ್ರದ ಮೊದಲ ಪಾಠ ಓದುತ್ತಿರುವ ಹಿಂದಿನವರೇ,

ತಿಂಗಳಿಗೆ ಮೂವತ್ತನಾಲ್ಕನೆಯ ದಿನವೇ ಎಂದು ನಗಬೇಡಿ, ನಮಗೆ ಹತ್ತೇ ತಿಂಗಳು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಶ್ರೀಪಾದ ಹರಿಕಂತ್ರ, ಇಲ್ಲಿನ ಮನಶ್ಶಾಲೆಯಲ್ಲಿ ಮೇಷ್ಟ್ರು. ನಮ್ಮ ಮನೆಗಳು ನೀರಿನ ಮೇಲಿವೆ. ಅಲೆ ಜೋರಾದ ದಿನ ಪಾತ್ರೆಗಳನ್ನು ಗೋಡೆಗೆ ಕಟ್ಟಿ, ಪಾಚಿರೊಟ್ಟಿ ತಿಂದುಕೊಂಡು ಪಾಠ ಮಾಡುತ್ತೇವೆ. ಊಹೆ, ಪ್ರಯೋಗ, ಹೋಲಿಕೆಯ ಗುಂಪು ಎಲ್ಲ ನಿಮ್ಮಿಂದಲೇ ಬಂದದ್ದು. ಅದಕ್ಕೆ ನಾವೊಂದು ಕಟ್ಟಳೆ ಕೂಡಿಸಿದೆವು: ಪ್ರಯೋಗಕ್ಕಾಗಿ ಯಾರಿಗೆ ಸುಳ್ಳು ಹೇಳಿದೆವೋ ಅವರ ಮನೆಗೆ ಇಪ್ಪತ್ತು ದಿನದೊಳಗೆ ಹೋಗಿ, ನೆಲದ ಮೇಲೆ ಕೂತು, ಸುಳ್ಳು ಯಾವುದೆಂದು ಬಾಯಿಬಿಟ್ಟು ಹೇಳಬೇಕು. ಇದನ್ನು ಬಿಡಿಸುಮಾತು ಎನ್ನುತ್ತೇವೆ.

ಹೇಳಿಕೊಟ್ಟರೆ ಜನ ನಡೆಯದ್ದನ್ನೂ ನೆನಪಿಸಿಕೊಳ್ಳುತ್ತಾರೆ ಎಂಬುದು ನನ್ನ ಊಹೆ. ಚೀಟಿ ಎತ್ತಿ ನಲವತ್ತು ಜನರನ್ನು ಎರಡು ಗುಂಪು ಮಾಡಿದೆ. ಒಂದು ಗುಂಪಿಗೆ, ನೆಂಟರಿಂದ ಸಂಗ್ರಹಿಸಿದ ಅವರ ಬಾಲ್ಯದ ನಿಜ ಘಟನೆಗಳನ್ನಷ್ಟೇ ಓದಿದೆ. ಇನ್ನೊಂದಕ್ಕೆ ನಡುವೆ ಒಂದು ಸುಳ್ಳು ಸೇರಿಸಿದೆ. ಯಾರಿಗೆ ಯಾವ ಸುಳ್ಳೆಂಬುದೂ ಚೀಟಿಯಲ್ಲೇ. ಬಲೆ ಹೆಣೆಯುವ ರುಕ್ಮಾ ಮೇಸ್ತಳಿಗೆ ಬಂದ ಚೀಟಿ: ಕಳೆದುಹೋದಾಗ ಅಪ್ಪ ಹುಡುಕಿಕೊಂಡು ಬಂದಿದ್ದ. ಸಣ್ಣ ಸುಳ್ಳು ಎಂದುಕೊಂಡೆ. ಆದರೆ ಹಳೆಯ ಊರು ಮುಳುಗಿದ ದಿನ, ಒಂಬತ್ತು ವರ್ಷದ ಅವಳನ್ನು ದಡದಲ್ಲೇ ಬಿಟ್ಟು ಅವಳಪ್ಪ ಮೊದಲ ದೋಣಿ ಹತ್ತಿದ್ದ. ನಲವತ್ತು ವರ್ಷದಿಂದ ಅವಳು ಅವನ ಮುಖ ನೋಡಿರಲಿಲ್ಲ. ಮೊದಲೇ ಕೇಳಿ ತಿಳಿದುಕೊಳ್ಳುವ ವ್ಯವಧಾನ ನನಗಿರಲಿಲ್ಲ. ಹತ್ತೇ ದಿನದಲ್ಲಿ ಅವಳು ಅಪ್ಪನ ಒದ್ದೆ ಅಂಗಿಯ ಬಣ್ಣವನ್ನೂ ಹೇಳಿದಳು. ನಾನು ಹಿರಿಹಿರಿ ಹಿಗ್ಗಿ ಪಟ್ಟಿಯಲ್ಲಿ ಗುರುತು ಹಾಕಿಕೊಂಡೆ. ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಹತ್ತೊಂಬತ್ತು ಮನೆಗಳಲ್ಲಿ ಬಿಡಿಸುಮಾತು ಮುಗಿಯಿತು, ಎಲ್ಲರೂ ನಕ್ಕರು. ಕೊನೆಗೆ ಅವಳ ಮನೆಗೆ ಹೋದೆ. ಒಳಗೊಬ್ಬ ಮುದುಕ ಗಂಜಿ ಕುಡಿಯುತ್ತಿದ್ದ. ಬಡಗಣ ಕೇರಿಗೆ ತಾನೇ ಹೋಗಿ ಅವಳು ಕರೆತಂದ ಅಪ್ಪ. ದೋಣಿಯ ಹಳೆಯ ಕಥೆಯನ್ನೆಲ್ಲ ಅವಳ ಬಾಯಿಂದ ಆಗಲೇ ನಾನು ಕೇಳಿದ್ದು.

“ಅಂವ ಬಂದಿದ್ದ ಮಾಸ್ತರ್ರೇ, ನಾನೇ ಮರ್ತಿದ್ದೆ,” ಎಂದಳು. “ಕಾಲಿಗೆ ಬಿದ್ದು ತಪ್ಪಾಯ್ತು ಅಂದೆ.”

ಮುದುಕ ಬಟ್ಟಲಿನಿಂದ ತಲೆ ಎತ್ತಲಿಲ್ಲ. ತಾನು ಬಂದಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. ನೆಲದ ಮೇಲೆ ಕೂತಿದ್ದ ನಾನು ಅವಳು ಕೊಟ್ಟ ಚಹಾ ಕುಡಿದು ಎದ್ದು ಬಂದೆ. ವರದಿಯಲ್ಲಿ ಮಾತ್ರ ಇಪ್ಪತ್ತು ಮನೆ ಎಂದು ಬರೆದೆ. ಆ ವರದಿ ಈಗ ಪಠ್ಯವಾಗಿದೆ, ಅದನ್ನು ಪಾಠ ಮಾಡುವವನೂ ನಾನೇ.

ಹೋದ ತಿಂಗಳು ಮುದುಕ ತೀರಿಕೊಂಡ. ಅಷ್ಟು ವರ್ಷ ಅಪ್ಪನಿಗೆ ಅನ್ಯಾಯ ಮಾಡಿದೆನೆಂದು ರುಕ್ಮಾ ಊಟ ಬಿಟ್ಟು ಅಳುತ್ತಾಳೆ. ನಿಜ ಹೇಳಿದರೆ ಆ ಪಾಪದ ಭಾರ ಇಳಿಯುತ್ತದೆ, ಹುಡುಕಿಕೊಂಡು ಬಂದ ಅಪ್ಪನೂ ಹೋಗುತ್ತಾನೆ. ಯಾವುದನ್ನು ಉಳಿಸಲಿ ಎಂದು ನಾನು ಯೋಚಿಸುತ್ತಿರುವುದಾಗಿ ನೀವು ನಂಬಬಹುದು. ನಿಜವೆಂದರೆ ನನಗೆ ಹೆದರಿಕೆ.

ನಿಮ್ಮಲ್ಲಿ ಒಂದು ಬೇಡಿಕೆ. ಒಬ್ಬರ ಮನಸ್ಸಿಗೆ ಕೈಹಾಕುವ ಮುಂಚೆ, ಅಲ್ಲಿ ಮೊದಲೇ ಏನಿದೆಯೆಂದು ಕೇಳಿ. ಮುನ್ನೂರೈವತ್ತು ವರ್ಷ ಹಿಂದಿರುವ ನಿಮಗೆ ಇಷ್ಟನ್ನೆಲ್ಲ ಒಂದೇ ಉಸಿರಿನಲ್ಲಿ ಬರೆದುಬಿಟ್ಟೆ. ರುಕ್ಮಾಳ ಮನೆ ಇಲ್ಲಿಂದ ಮೂರನೆಯದು.