ಎರಡನೆಯ ಸೀಟು

ಜೂನ್ ೧೪, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕ ಬದುಕಿದ್ದಾಳೋ ಇಲ್ಲವೋ ಎಂದು ಕೇಳಿದ್ದೀಯ. ಬದುಕಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಅಕ್ಷರ ಸೊಟ್ಟಗಿದೆ, ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ನಿನ್ನ ಭಾವ ಕ್ಲಿನಿಕ್ ಮುಚ್ಚಿದ ಮೇಲೆ ಈ ಮನೆಯಲ್ಲಿ ಸ್ಪೋರ್ಟ್ಸ್ ಕಾರು ಬಿಟ್ಟರೆ ಬೇರೆ ಮಾತಿಲ್ಲ. ಊಟಕ್ಕೆ ಕೂತರೆ ಗೇರ್‌ಬಾಕ್ಸ್, ಮಲಗಿದರೆ ಸೈಲೆನ್ಸರ್. ಕೇಳಿ ಕೇಳಿ ವಾಕರಿಕೆ ಬರುತ್ತದೆ.

"ಇದೇ ಕೊನೇ ಕಾರು. ಇಪ್ಪತ್ತು ವರ್ಷ ಇಟ್ಕೋಬೇಕು, ಯಾವುದೋ ಒಂದು ತಗೊಳ್ಳೋಕಾಗಲ್ಲ," ಎನ್ನುತ್ತಿದ್ದರು. ನನ್ನನ್ನು ಕಟ್ಟಿಕೊಳ್ಳುವಾಗ ಇಷ್ಟೊಂದು ತಲೆ ಕೆಡಿಸಿಕೊಂಡಿರಲಿಲ್ಲ.

ಕೊನೆಗೆ ಎರಡು ಉಳಿದವು. ಬೂದು ಬಣ್ಣದ್ದು ಸ್ವಲ್ಪ ಎತ್ತರ, ಬಾಗಿಲು ಅಗಲ. ಹಳದಿಯದು ನೆಲಕ್ಕೇ ಅಂಟಿಕೊಂಡಂತಿತ್ತು. ಎರಡರಲ್ಲೂ ಇಬ್ಬರಿಗಷ್ಟೇ ಜಾಗ. ಮುಪ್ಪಿನಲ್ಲಿ ಹತ್ತಿ ಇಳಿಯಲು ಆಗುತ್ತದೋ ಇಲ್ಲವೋ ಎಂದು ನಿನ್ನ ಭಾವ ನಡುಮನೆಯಲ್ಲಿ ದಿಂಬು ಹಾಕಿಕೊಂಡು, ಬರೀ ಚಡ್ಡಿಯಲ್ಲಿ ಕೂತು ಏಳುತ್ತಿದ್ದರು. ಅರವತ್ತು ದಾಟಿದ ಹಲ್ಲಿನ ಡಾಕ್ಟರು. ಹಾಲಿನವನು ಕಿಟಕಿಯಿಂದ ನೋಡಿಕೊಂಡು ಹೋದ.

ಶೋರೂಮಿಗೆ ನನ್ನನ್ನೂ ಕರೆದೊಯ್ದರು. ನನ್ನ ಮಂಡಿಯ ಪಾಡು ನಿನಗೆ ಗೊತ್ತೇ ಇದೆ. ಬೂದು ಕಾರಿನಲ್ಲಿ ಕೂತೆ, ನಾನಾಗಿಯೇ ಎದ್ದೆ. ನಗಬೇಡ ಪುಟ್ಟಿ, ಆ ಕಾರು ನನಗೆ ಇಷ್ಟವಾಗಿಬಿಟ್ಟಿತು. ಅದರಲ್ಲಿ ಕೂತು ನಿನ್ನ ಮನೆ ಬಾಗಿಲಿಗೆ ಬಂದು ಹಾರ್ನ್ ಹೊಡೆಯುವುದನ್ನೂ ನೆನೆಸಿಕೊಂಡೆ. ಹಳದಿಯದರಲ್ಲಿ ಕೂತ ಮೇಲೆ ನನ್ನನ್ನು ಎಬ್ಬಿಸಲು ಇಬ್ಬರು ಬರಬೇಕಾಯಿತು. ಒಬ್ಬ ಕಂಕುಳಿಗೇ ಕೈ ಹಾಕಿದ. ಅಷ್ಟು ಹೊತ್ತೂ ನಿನ್ನ ಭಾವ ಟಯರ್ ಸವರುತ್ತಿದ್ದರು.

"ಬಹಳ ವರ್ಷ ಇಟ್ಕೊಳ್ಳೋದಾದ್ರೆ ಬೂದು ಬಣ್ಣದ್ದೇ ಒಳ್ಳೇದು ಸರ್. ಮೇಡಂಗೂ ಅನುಕೂಲ," ಎಂದ ಶೋರೂಮಿನವನು.

"ಇಟ್ಕೊಳ್ಳೋನು ನಾನಲ್ವಾ?" ಎಂದರು ಇವರು.

ಹಳದಿಯದೇ ಬಂತು. ದಿನಾ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಚಕ್ರದ ಸಂದುಗಳನ್ನು ಉಜ್ಜುತ್ತಾರೆ. ಅದೇ ಕೈಯಲ್ಲಿ ತಟ್ಟೆಯ ಮುಂದೆ ಬಂದು ಕೂರುತ್ತಾರೆ. ಆ ಉಗುರುಗಳನ್ನು ನೋಡಿದರೆ ನನಗೆ ತುತ್ತು ಇಳಿಯುವುದಿಲ್ಲ. ಗಂಡನ ಬಗ್ಗೆ ಹೀಗೆ ಬರೆಯಬಾರದು, ಆದರೆ ಹೇಸಿಗೆಯಾಗುತ್ತದೆ.

ನನ್ನ ಪುರಾಣ ಸಾಕು. ನಿನ್ನ ಕೆಮ್ಮು ಕಡಿಮೆಯಾಯಿತೇ? ಮಗಳಿಗೆ ಹೊಸ ಕೆಲಸ ಕೈಹಿಡಿಯಲಿ. ನಿಮ್ಮ ಮನೆ ಸದಾ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಮೊನ್ನೆ ಕಾರಿನ ಪಕ್ಕದ ಸೀಟನ್ನು ಬಿಚ್ಚಿಸಿಬಿಟ್ಟರು. "ಭಾರ ಕಮ್ಮಿ ಆದ್ರೆ ಇಂಜಿನ್ ಬಾಳಿಕೆ ಬರುತ್ತೆ. ನೀನು ಹೇಗೂ ಕೂರಲ್ಲ," ಎಂದರು. ಅದನ್ನು ನಡುಮನೆಯಲ್ಲಿ ಟೀವಿಯ ಮುಂದೆ ಇಟ್ಟಿದ್ದಾರೆ, ನನಗಂತೆ. ಇವತ್ತು ಅವರು ಸುತ್ತಾಡಲು ಹೋದ ಮೇಲೆ, ಹೇಗಿದೆ ನೋಡೋಣ ಎಂದು ಕೂತೆ. ಪತ್ರವನ್ನೆಲ್ಲ ಇಲ್ಲೇ ಕೂತು ಬರೆದೆ, ಏಳಲು ಆಗುತ್ತಿಲ್ಲ. ಆ ದರಿದ್ರ ಕಾರಿನ ಸದ್ದು ಯಾವಾಗ ಕೇಳಿಸುತ್ತದೋ ಎಂದು ಕಾಯುತ್ತಿದ್ದೇನೆ.